ಎರಡು ಕುಳಿಯ ಮನೆಯ ಬೆಲೆ

ನನ್ನ ಮನೆಯನ್ನು ಹದಿನೆಂಟು ಲಕ್ಷಕ್ಕೆ ಮಾರಿ, ಇಪ್ಪತ್ತೈದಕ್ಕೆ ಮಾರಿದೆ ಎಂದು ಹೇಳಿದೆ. ಊರಿಗೆಲ್ಲ ಹೇಳಿದ್ದರೆ ಅದು ಬರೀ ಜಂಬವಾಗುತ್ತಿತ್ತು. ಜಂಬ ಕೊಚ್ಚಿಕೊಂಡವರು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಅಲ್ಲ. ನಾನು ಹೇಳಿದ್ದು ನನ್ನ ಓರಗಿತ್ತಿ ಸರಸಕ್ಕನಿಗೆ, ನನ್ನ ಗಂಡನ ಅಣ್ಣನ ಹೆಂಡತಿಗೆ. ನಡುಗೋಡೆಯ ಆಚೆ ಬದಿಯ ಅವಳ ಮನೆಯೂ ಆಗ ಮಾರಾಟಕ್ಕಿತ್ತು. ನನ್ನ ಮಾತು ನಂಬಿ ಅವಳು ಇಪ್ಪತ್ತೈದಕ್ಕೆ ಕಾದು ಕೂತಳು. ಬೆಲೆ ಇಳಿಯುತ್ತಾ ಹೋಯಿತು — ಅವಳು ಕೂತೇ ಇದ್ದಳು. ಕೊನೆಗೆ ಹನ್ನೊಂದಕ್ಕೆ ಕೊಟ್ಟಳು.

ಇದಕ್ಕೂ ಹಿಂದಿನದು ಇನ್ನೊಂದಿದೆ. ಆ ಹದಿನೆಂಟು ಲಕ್ಷ ಮೊದಲು ಬಂದದ್ದು ಸರಸಕ್ಕನ ಬಾಗಿಲಿಗೆ. ಬೇಡ ಅನ್ನು ಎಂದು ಹೇಳಿಕೊಟ್ಟವಳು ನಾನು. ಅವಳು ಬೇಡ ಎಂದ ಮೇಲೆ ಅದೇ ಮನುಷ್ಯನನ್ನು ಕರೆಸಿ, ಅದೇ ಬೆಲೆಗೆ ನನ್ನ ಮನೆ ಕೊಟ್ಟವಳೂ ನಾನೇ. ಇಷ್ಟೇ ವಿಷಯ. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದದ್ದು, ಇಷ್ಟು ವರ್ಷ ಬಾಯಿಗೆ ಬರಲಿಲ್ಲ.

ಆ ಮನೆಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಕೊಳ್ಳೇಗಾಲದ ಕಡೆಯವಳು, ನೇಯುವವರ ಮನೆಯ ಹೆಣ್ಣು. ನಮ್ಮಲ್ಲಿ ಘಟ್ಟ ಇಳಿದು ಕೊಯಮತ್ತೂರಿನ ಕಡೆಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಅಲ್ಲಿರುವ ನಮ್ಮವರು ಎಷ್ಟೋ ತಲೆಮಾರಿನಿಂದ ಅಲ್ಲಿಯವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಸೂಲೂರಿನಾಚೆಯ ಆ ಊರಿನಿಂದ ನನ್ನನ್ನು ಕೇಳಿಕೊಂಡು ಬಂದಾಗ ನಮ್ಮಪ್ಪ ಹುಡುಗನ ಓದು ಕೇಳಲಿಲ್ಲ, ಗುಣ ಕೇಳಲಿಲ್ಲ. "ಮನೇಲಿ ಎಷ್ಟು ಕುಳಿ?" ಎಂದರು. ಕುಳಿ ಎಂದರೆ ಮಗ್ಗದ ಕುಳಿ — ನೇಯುವವನು ಕಾಲು ಇಳಿಬಿಟ್ಟುಕೊಂಡು ಕೂರುವ, ನೆಲದಲ್ಲಿ ತೋಡಿದ ಗುಂಡಿ. "ನಾಲ್ಕು" ಎಂದರು ಬಂದವರು. ನಮ್ಮಪ್ಪ ವೀಳ್ಯದೆಲೆಗೆ ಕೈ ಚಾಚಿದರು. ನನ್ನ ಮದುವೆ ನಿಶ್ಚಯವಾದದ್ದು ಹಾಗೆ, ನಾಲ್ಕು ಗುಂಡಿ ನೋಡಿ!

ನಗಬೇಡಿ. ನಮ್ಮ ಬೀದಿಯಲ್ಲಿ ಮನೆಗಳನ್ನು ಅಳೆಯುತ್ತಿದ್ದದ್ದೇ ಹಾಗೆ. ಸೆಂಟ್ ಲೆಕ್ಕ, ಅಡಿ ಲೆಕ್ಕ ಎಲ್ಲ ಪತ್ರ ಬರೆಯುವವರಿಗೆ. ನಮ್ಮ ಬಾಯಲ್ಲಿ ಅದು ಒಂದು ಕುಳಿ ಮನೆ, ಇದು ಎರಡು ಕುಳಿ ಮನೆ, ಮೂಲೆಯದು ಆರು ಕುಳಿ ಮನೆ. ಕುಳಿ ಇದ್ದರೆ ಮಗ್ಗ, ಮಗ್ಗ ಇದ್ದರೆ ಅನ್ನ. ಮನೆ ಮಾರುವವರೂ ಕೊಳ್ಳುವವರೂ ಕುಳಿಗಿಷ್ಟು ಎಂದೇ ಮಾತು ಶುರು ಮಾಡುತ್ತಿದ್ದರು. ಖಾಲಿ ಬಿದ್ದ ಕುಳಿಯನ್ನು ಹಲಗೆ ಹಾಸಿ ಇಡುತ್ತಿದ್ದರೇ ಹೊರತು ಮಣ್ಣು ತುಂಬಿಸಿ ಮುಚ್ಚುತ್ತಿರಲಿಲ್ಲ. ನೇಯುವ ಜೀವ ಮನೆಯಲ್ಲಿ ಇರುವಾಗ ಕುಳಿ ಮುಚ್ಚುವುದು ಎಂದರೆ, ಆ ಜೀವದ ಮುಂದೆಯೇ — ಬೇಡ ಬಿಡಿ, ನಾವು ಆ ಮಾತನ್ನು ಪೂರ್ತಿ ಆಡುವುದಿಲ್ಲ.

ನಾನು ಬಂದಾಗ ನಾಲ್ಕು ಮಗ್ಗವೂ ಒಂದೇ ಪಡಸಾಲೆಯಲ್ಲಿ ಆಡುತ್ತಿದ್ದವು. ಮಾವ, ಭಾವ, ನಮ್ಮವರು — ನಾಲ್ಕನೆಯದರಲ್ಲಿ ಸರಸಕ್ಕ. ಗಂಡಸರು ನೇಯುವಾಗ ಮಾತಾಡುತ್ತಿರಲಿಲ್ಲ, ಸರಸಕ್ಕ ನೇಯುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಲಾಳಿ ಅತ್ತ ಹೋದರೆ ಒಂದು ಮಾತು, ಇತ್ತ ಬಂದರೆ ಒಂದು ಮಾತು. ನನ್ನ ಕನ್ನಡ ಕೇಳಿ ಅವಳಿಗೆ ತಡೆಯಲಾರದ ನಗು. ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲೇ ಓದಿದವಳು, ಪುಸ್ತಕದ ಹಾಗೆ ಮಾತಾಡುತ್ತಿದ್ದೆನೋ ಏನೋ. "ಏ ರೇಡಿಯೋ, ಇಲ್ಲಿ ಬಾ. ಮತ್ತಿಯಾನ ಏನ್ ಸಮೆಯಲ್ ಅಂತ ನ್ಯೂಸ್ ಓದು" ಎಂದು ಮಧ್ಯಾಹ್ನದ ಅಡುಗೆ ಏನೆಂದು ಕೇಳಲು ಕೂಗುತ್ತಿದ್ದಳು. ಮದುವೆಯ ಹೊಸದರಲ್ಲಿ ನನಗೆ ಅಳು ಬರುತ್ತಿತ್ತು. ಅವಳೇ ಆಮೇಲೆ ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಅಂಗಡಿಯಲ್ಲಿ ಹೇಗೆ ತಮಿಳು ಮಾತಾಡಬೇಕು, ನೂಲಿನವನು ಕಡಿಮೆ ತೂಗಿದರೆ ಹೇಗೆ ಜಗಳ ಕಾಯಬೇಕು, ಅತ್ತೆ ಯಾವಾಗ ನಿಜವಾಗಿ ಸಿಟ್ಟಾಗಿದ್ದಾರೆ, ಯಾವಾಗ ಸುಮ್ಮನೆ ಎಂದು ಎಲ್ಲವನ್ನೂ ಹೇಳಿಕೊಟ್ಟಳು.

ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಹಾಸು ನೂಲು ಎಳೆದು ಕಟ್ಟಿ ಗಂಜಿ ಹಾಕುತ್ತಿದ್ದರು. ಬಣ್ಣಬಣ್ಣದ ನೂಲು ಎರಡು ಮನೆಗಳ ನಡುವೆ ನದಿಯಂತೆ ಹರಿದಿರುತ್ತಿತ್ತು, ಬಿಸಿಲು ಏರುವ ತನಕ ಸೈಕಲ್ಲಿನವರೂ ಇಳಿದು ತಳ್ಳಿಕೊಂಡು ಹೋಗಬೇಕು. ಗಂಜಿಯ ಹುಳಿ ವಾಸನೆ, ಒಳಗಿನಿಂದ ಹುರುಳಿ ಬೇಯುವ ವಾಸನೆ, ನಡುವೆ ಹೆಂಗಸರ ಬೈಗುಳ. ಈಗಲೂ ಪೋತ್ತನೂರಿನ ನನ್ನ ಮನೆಯಲ್ಲಿ ಗಂಜಿ ಬಸಿಯುವಾಗ ಒಂದು ಗಳಿಗೆ ಕೈ ನಿಲ್ಲುತ್ತದೆ.

ನನ್ನ ಮಗಳು ಹುಟ್ಟಿದಾಗ ಏನು ಮಾಡಿದರೂ ಮಲಗುತ್ತಿರಲಿಲ್ಲ. ಸರಸಕ್ಕ ತೊಟ್ಟಿಲನ್ನು ತನ್ನ ಮಗ್ಗದ ಪಕ್ಕದ ತೊಲೆಗೆ ಕಟ್ಟಿಸಿ, ಅದರ ಹಗ್ಗವನ್ನು ಕುಳಿಯೊಳಗಿನ ತನ್ನ ಮೆಟ್ಟಿಗೆ ಬಿಗಿದಳು. ಅವಳು ತುಳಿದಂತೆಲ್ಲ ಸೀರೆಯೂ ಆಗುತ್ತಿತ್ತು, ತೊಟ್ಟಿಲೂ ತೂಗುತ್ತಿತ್ತು. ಮಗಳು ನಡೆಯುವ ತನಕ ಮಲಗಿದ್ದು ಹಾಗೇ. ಅದೇ ಮಗಳ ಹತ್ತಿರ ಇರಬೇಕು ಎಂದು ನಾನು ಸರಸಕ್ಕನಿಗೆ ಮೋಸ ಮಾಡಿದೆ. ಇದನ್ನು ಇಲ್ಲಿ ಬರೆಯುವಾಗ ನನಗೇ ನನ್ನ ಮೇಲೆ ಹೇಸಿಗೆಯಾಗುತ್ತಿದೆ.

ಮಾವ ಹೋದ ಮೇಲೆ ಮನೆ ಪಾಲಾಯಿತು. ಜಗಳವಿಲ್ಲದೆ ಆದ ಪಾಲು ಎಂದು ಬೀದಿಯೇ ಹೊಗಳಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು: ಆಚೆ ಎರಡು ಕುಳಿ, ಈಚೆ ಎರಡು ಕುಳಿ. ಹಿತ್ತಿಲಿಗೆ ಗೋಡೆ ಬೇಡ ಎಂದವಳು ಸರಸಕ್ಕ. "ಗಂಡಸ್ರು ಬೇಕಾದ್ರೆ ಮುಂದೆ ಗೋಡೆ ಕಟ್ಟಿಕೊಳ್ಳಿ. ಹಿಂದೆ ನಾವಿಬ್ರೂ ಒಂದೇ ಕಲ್ಲಲ್ಲಿ ಬಟ್ಟೆ ಒಗೀತೀವಿ" ಎಂದಳು. ಹಾಗೇ ಆಯಿತು.

ಆಮೇಲೆ ಬೀದಿ ಸ್ವಲ್ಪಸ್ವಲ್ಪವಾಗಿ ಸುಮ್ಮನಾಗತೊಡಗಿತು. ತಿರುಪ್ಪೂರಿನ ಬನಿಯನ್ ಕಂಪನಿಗಳ ವ್ಯಾನು ಬೆಳಗ್ಗೆ ಬಂದು ಹುಡುಗಿಯರನ್ನು, ಹುಡುಗರನ್ನು ತುಂಬಿಕೊಂಡು ಹೋಗುತ್ತಿತ್ತು. ಕೈಮಗ್ಗದವರು ಪವರ್‌ಲೂಮ್ ಹಾಕಿದರು. ಪವರ್‌ಲೂಮ್‌ನವರು ಅದನ್ನೂ ಹಳೇ ಕಬ್ಬಿಣದ ತೂಕಕ್ಕೆ ಹಾಕಿದರು. ಒಂದು ಗೋಡೆಯ ಮೇಲೆ 'ಮನೆ ಮಾರಾಟಕ್ಕಿದೆ' ಎಂದು ತಮಿಳಿನಲ್ಲಿ ಬಣ್ಣದ ಅಕ್ಷರ ಬಂತು, ಕೆಳಗೆ ಫೋನ್ ನಂಬರು. ಆರು ತಿಂಗಳಲ್ಲಿ ಇನ್ನೆರಡು ಗೋಡೆಗಳ ಮೇಲೆ ಬಂತು. ಬಿಸಿಲಿಗೆ ಆ ಅಕ್ಷರಗಳು ಮಸುಕಾದವು, ಮನೆಗಳು ಮಾತ್ರ ಹೋಗಲಿಲ್ಲ.

ಭಾವ ತೀರಿಕೊಂಡ ಮೇಲೆ ಸರಸಕ್ಕ ತನ್ನ ಪಾಲು ಮಾರುವ ಯೋಚನೆಗೆ ಬಂದಳು. ಮನೆ ಸಾಕಾಯಿತು ಎಂದಲ್ಲ. ಮಾಡು ಸೋರುತ್ತಿತ್ತು, ತೊಲೆಗೆ ಹುಳು ಹಿಡಿದಿತ್ತು, ಒಬ್ಬಳಿಗೆ ಅದು ದೊಡ್ಡ ಮನೆ. ಅವಳ ಲೆಕ್ಕ ಚೆನ್ನಾಗೇ ಇತ್ತು. ನೇಕಾರರ ಸೊಸೈಟಿಯ ಹಿಂದಿನ ಸಾಲಿನಲ್ಲಿ ಮುದುಕನೊಬ್ಬನ ಒಂಟಿ ಕುಳಿ ಮನೆ ಇತ್ತು. ಅವನು ಹನ್ನೆರಡಕ್ಕೆ ಕೊಡುತ್ತೇನೆ ಎಂದಿದ್ದ. ತನ್ನದನ್ನು ಮಾರಿ, ಅದನ್ನು ಕೊಂಡು, ಉಳಿದದ್ದನ್ನು ಬ್ಯಾಂಕಿಗೆ ಹಾಕಿ, ಕೈಕಾಲು ಆಡುವ ತನಕ ನೇಯುತ್ತಾ ಇರುವುದು. ಮಗಳು ರುಕ್ಮಿಣಿ ಆರ್.ಎಸ್. ಪುರಂನಲ್ಲಿದ್ದಳು, ಬಂದುಬಿಡಮ್ಮ ಎನ್ನುತ್ತಿದ್ದಳು. "ಅಳಿಯನ ಮನೇಲಿ ಹೋಗಿ ಏನ್ ಮಾಡ್ಲಿ? ಅವರು ಕೊಟ್ಟಾಗ ತಿಂದು, ಟಿ.ವಿ. ಹಾಕ್ದಾಗ ನೋಡಿ… ನನ್ನ ಬಾಗಿಲ ನಾನೇ ತೆರೀಬೇಕು ಕಮಲಾ, ಅಷ್ಟೇ ನನಗೆ" ಎಂದಿದ್ದಳು. ಅವಳಿಗೆ ಬೇಕಿದ್ದದ್ದು ಒಂದು ಬಾಗಿಲು, ಒಂದು ಕುಳಿ. ಅದು ನನಗೆ ಗೊತ್ತಿತ್ತು. ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ನಾವೂ ಮಾರುವವರೇ. ನನ್ನ ಅಳಿಯನಿಗೆ ಪೋತ್ತನೂರಿನಲ್ಲಿ ರೈಲ್ವೆ ಕೆಲಸ. ಮಗಳ ಮನೆಯಿಂದ ಎರಡು ಬೀದಿ ಆಚೆ ಒಂದು ಪುಟ್ಟ ಮನೆ ನೋಡಿ ಮುಂಗಡ ಕೊಟ್ಟಿದ್ದೆವು. ಹೇಳಿದ ಗಡುವಿಗೆ ಉಳಿದದ್ದು ಕೊಡದಿದ್ದರೆ ಮುಂಗಡ ಮುಳುಗುತ್ತಿತ್ತು. ಸರಸಕ್ಕನಿಗೆ ನಮ್ಮ ಗಡುವಿನ ಸಂಗತಿ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಎಂದು ಈಗ ಕೇಳಿಕೊಂಡರೆ — ಬಹುಶಃ ಆಗಲೇ ಮನಸ್ಸಿನ ಒಂದು ಮೂಲೆ ತಯಾರಾಗುತ್ತಿತ್ತು.

ಚೆನ್ನಿಯಪ್ಪನ್ ಎಂಬವರು ಬಂದದ್ದು ಆಗ. ಸೂಲೂರಿನವರು, ಗಿರಣಿಗಳ ಕಳಪೆ ಹತ್ತಿ ಕೊಂಡು ಮಾರುವವರು, ಗೋಡೌನಿಗೆ ಜಾಗ ಹುಡುಕುತ್ತಿದ್ದರು. ಒಂದೇ ಪಾಲು ಸಾಕು, ಎರಡರಲ್ಲಿ ಯಾವುದಾದರೂ ಸರಿ ಎಂದರು. ದೊಡ್ಡವರ ಬಾಗಿಲಿಗೆ ಮೊದಲು ಹೋಗಬೇಕು ಎಂಬ ಮರ್ಯಾದೆಗೆ ಸರಸಕ್ಕನ ಹತ್ತಿರ ಕೇಳಿದರು. ಹದಿನೆಂಟು. ಎರಡು ದಿನದಲ್ಲಿ ಹೇಳಿ ಎಂದು ಹೋಗುವಾಗ ನಮ್ಮ ಜಗಲಿಯ ಮೇಲೆ ಕೂತು ನೀರು ಕುಡಿದರು. ನಾನು ಸುಮ್ಮನೆ ಕೇಳುವವಳ ಹಾಗೆ, ಎರಡು ಕುಳಿಯ ಮನೆಗೆ ಹದಿನೆಂಟು ಕಡಿಮೆಯಾಗಲಿಲ್ಲವೇ ಎಂದೆ. ಅವರು ನಕ್ಕರು. "ಅಮ್ಮಾ, ನಾನು ಕೊಳ್ಳೋದು ನೆಲ. ಕುಳಿ ನನಗೆ ಲಾಭ ಅಲ್ಲ, ಖರ್ಚು. ಜಲ್ಲಿ ತುಂಬಿಸಿ ಮುಚ್ಚಿಸಬೇಕು. ಕುಳಿ ಇರೋದಕ್ಕೇ ಕಡಿಮೆ ಮಾಡಿ ಹದಿನೆಂಟು ಹೇಳಿದ್ದೀನಿ. ಮುಂದಿನ ವರ್ಷ ಇಷ್ಟೂ ಯಾರೂ ಕೇಳಲ್ಲ" ಎಂದರು, ತಮಿಳಿನಲ್ಲಿ.

ಅವರು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಪೋತ್ತನೂರು, ಸೂಲೂರು ಎಂದು ಮನೆ ನೋಡಿ ಅಲೆದಿದ್ದೆನಲ್ಲ, ಬೇರೆ ಲೋಕದಲ್ಲಿ ಮನೆಯನ್ನು ಹೇಗೆ ಅಳೆಯುತ್ತಾರೆ ಎಂದು ಕಂಡಿದ್ದೆ. ಕುಳಿಗಿಷ್ಟು ಎನ್ನುವ ಕಾಲ ಮುಗಿದಿತ್ತು. ನಮ್ಮ ಬೀದಿಯವರು ಮಾತ್ರ ಇನ್ನೂ ಅದೇ ಲೆಕ್ಕ ಹಿಡಿದು ಕೂತಿದ್ದರು. ಬೆಲೆ ಇಳಿಯುತ್ತಿರುವ ಕಡೆ ಮೊದಲು ಕೈಬಿಟ್ಟವನಿಗೇ ಹೆಚ್ಚು ಸಿಗುವುದು, ಇದೂ ನನಗೆ ಗೊತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಸರಸಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಮುದ್ದು ಬಂದಾಗ ಅವಳ ಬಾಯಲ್ಲಿ ನಾನು 'ಕಣ್ಣು'.

"ಕಮಲಾ, ಅವನು ಹದಿನೆಂಟು ಕೇಳ್ತಾನೆ ಕಣ್ಣು. ನೀ ಓದಿದವ. ನಲ್ಲಾ ಯೋಚ್ನೆ ಮಾಡಿ ಹೇಳು. ಕೊಡ್ಲಾ?"

ನಾನು ಹಿಂಡುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಕೊಡಬೇಡ ಅಕ್ಕ" ಎಂದೆ. "ಎರಡು ಕುಳಿ ಮನೆ. ತೇಗದ ಬಾಗಿಲು. ಇಪ್ಪತ್ತಾರಕ್ಕೆ ಒಂದು ಕಾಸೂ ಕಡಿಮೆ ಮಾಡ್ಬೇಡ. ಪೊಂಗಲ್ ಕಳೀಲಿ, ಬೇರೆಯವರು ಬರ್ತಾರೆ."

"ಅದ್ದಾ! ನನ್ ಮನಸ್ಸಲ್ಲೂ ಅದೇ ಇತ್ತು" ಎಂದಳು ಸರಸಕ್ಕ. ಎಷ್ಟು ಹಗುರವಾದಳು ಎಂದರೆ, ನನ್ನ ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಯನ್ನೂ ತಾನೇ ಹಿಂಡಿ ಹರವಿಬಿಟ್ಟಳು.

ಅವಳು ಬೇಡ ಎಂದದ್ದು ಕೇಳಿದ ದಿನವೇ ನಮ್ಮವರಿಂದ ಚೆನ್ನಿಯಪ್ಪನ್ ಅವರಿಗೆ ಫೋನ್ ಮಾಡಿಸಿದೆ. ಅವರು ಬಂದರು, ನಾವು ಚೌಕಾಸಿ ಮಾಡಲಿಲ್ಲ. ಕುಳಿ ನೀವೇ ಮುಚ್ಚಿಸಿ ಕೊಡಿ ಎಂದರು, ಅದಕ್ಕೂ ಒಪ್ಪಿದೆವು. ನಮ್ಮವರು ಸಾಧು ಮನುಷ್ಯ. "ಅತ್ತಿಗೆಗೆ ಏನಂತ ಹೇಳೋದು?" ಎಂದು ಒಂದೇ ಒಂದು ಸಲ ಕೇಳಿದರು. "ನೀವು ಸುಮ್ಮನಿರಿ, ನಾನು ಹೇಳ್ತೀನಿ" ಎಂದೆ. ಅವರು ಸಾಯುವ ತನಕ ಸುಮ್ಮನೇ ಇದ್ದರು.

ಕುಳಿ ಮುಚ್ಚುವ ದಿನ ಆಳುಗಳು ಜಲ್ಲಿ ಸುರಿಯುವ ಸದ್ದಿಗೆ ಸರಸಕ್ಕ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳದ ನಡುವೆ ನಿಜ ಹೊರಬೀಳುತ್ತಿತ್ತೋ ಏನೋ. ಅವಳು ಒಳಗೆ ಹೋಗಿ ಅರಿಶಿನ ಕುಂಕುಮ ತಂದು, ಆಳುಗಳನ್ನು ಸ್ವಲ್ಪ ನಿಲ್ಲಿಸಿ, ಎರಡೂ ಕುಳಿಗಳ ಅಂಚಿಗೆ ಹಚ್ಚಿದಳು. ಅವುಗಳಲ್ಲಿ ಒಂದರೊಳಗೆ ಒಂದು ಎಳೆ ನೂಲನ್ನು ಬಿಟ್ಟಳು. ಅದು ಮೊದಲು ಅವಳು ಕೂತು ನೇಯುತ್ತಿದ್ದ ಕುಳಿ. ಪಾಲಾಗುವಾಗ ನಮ್ಮ ಕಡೆಗೆ ಬಂದಿತ್ತು. ನನ್ನ ಮಗಳ ತೊಟ್ಟಿಲು ತೂಗಿದ್ದೂ ಅದೇ.

"ಪೋಗಟ್ಟುಂ" ಎಂದಳು, ಹೋಗಲಿ ಬಿಡು ಎಂದು. ಆಮೇಲೆ ನನ್ನ ಕಡೆ ತಿರುಗಿದಳು. "ಎಷ್ಟಕ್ಕೆ ಆಯ್ತು?"

ಹದಿನೆಂಟು ಎಂದರೆ ಮುಗಿಯಿತು. ನನಗೆ ಬೇಡ ಎಂದ ಬೆಲೆಗೆ ನೀನು ಹೇಗೆ ಕೊಟ್ಟೆ ಎಂದು ಕೇಳುತ್ತಾಳೆ. ನಾನು ಒಂದು ಕ್ಷಣವೂ ತಡೆಯಲಿಲ್ಲ. "ಇಪ್ಪತ್ತೈದು ಅಕ್ಕ" ಎಂದೆ. "ಮೂಲೆಗೆ ಹತ್ತಿರ ಅಂತ ನಮ್ಮದೇ ಬೇಕು ಅಂದ್ರು."

ಅವಳ ಮುಖ ಅರಳಿತು. ಅದನ್ನು ನಾನು ಮರೆತಿಲ್ಲ. "ನೋಡಿದ್ಯಾ, ನೀ ಹೇಳಿದ್ದು ಸರಿ. ನನಗೂ ಬರುತ್ತೆ ಹಾಗಾದ್ರೆ" ಎಂದಳು.

ರಿಜಿಸ್ಟರ್ ಕಚೇರಿಯ ಪತ್ರದಲ್ಲಿ ಬರೆದದ್ದು ಎಲ್ಲರೂ ಬರೆಯುವ ಸರ್ಕಾರಿ ಬೆಲೆ. ನಿಜವಾದ ಬೆಲೆ ಯಾವಾಗಲೂ ಬಾಯಲ್ಲಿ ಇರುವಂಥದು, ಅದನ್ನು ಯಾರೂ ಎಲ್ಲೂ ತೆಗೆದು ನೋಡುವಂತಿಲ್ಲ. ಹೀಗಾಗಿ ನನ್ನ ಬಾಯಿಂದ ಬಂದ ಇಪ್ಪತ್ತೈದು ಬೀದಿಯ ಬೆಲೆಯಾಗಿ ಕೂತುಬಿಟ್ಟಿತು. ಕಮಲಾಗೆ ಇಪ್ಪತ್ತೈದು ಬಂತು, ನಮಗೆ ಯಾಕೆ ಬರಬಾರದು ಎಂದು ಗೋಡೆಯ ಮೇಲೆ ನಂಬರು ಬರೆಸಿಕೊಂಡವರೆಲ್ಲ ಎದೆ ಸೆಟೆಸಿದರು. ಒಂದು ಸುಳ್ಳು ಹೇಳಿ ನಾನು ಇಡೀ ಬೀದಿಯನ್ನೇ ಕಾಯಲು ಕೂರಿಸಿದೆ.

ನಾವು ಪೋತ್ತನೂರಿಗೆ ಹೋದೆವು. ನಾವು ಬಿಟ್ಟ ಪಾಲಿಗೆ ಹತ್ತಿಯ ಮೂಟೆಗಳು ಬಂದವು. ಹೊತ್ತಲ್ಲದ ಹೊತ್ತಿನಲ್ಲಿ ಲಾರಿ, ಗಾಳಿ ಬೀಸಿದರೆ ಹಿತ್ತಿಲ ತುಂಬ ಹತ್ತಿಯ ದೂಳು. ಮಗ್ಗದ ಮೇಲೆ ಬಟ್ಟೆ ಹೊದಿಸಿ ಇಡುತ್ತೇನೆ ಎಂದು ಸರಸಕ್ಕ ಫೋನಿನಲ್ಲಿ ಹೇಳುವಾಗ ನಡುನಡುವೆ ಕೆಮ್ಮುತ್ತಿದ್ದಳು. ಪಕ್ಕದಲ್ಲಿ ಇಂಥ ಗೋಡೌನಿದ್ದರೆ ಮನೆ ಕೊಳ್ಳುವವರು ಯಾರು? ಬಂದವರು ಹದಿನಾರು ಕೇಳಿದರು. ಅವಳು ನನಗೆ ಫೋನ್ ಮಾಡಿದಳು. ಕೊಡಲಾ?

ಆಗ ಹೇಳಬಹುದಿತ್ತು. ಅಕ್ಕ, ಕೊಟ್ಟುಬಿಡು, ನನಗೆ ಬಂದದ್ದೂ ಹದಿನೆಂಟೇ ಎಂದು. ಅಷ್ಟು ಹೇಳಿದ್ದರೂ ಅವಳ ಒಂಟಿ ಕುಳಿ ಮನೆ ಅವಳಿಗೆ ಸಿಗುತ್ತಿತ್ತು, ಮುದುಕ ಇನ್ನೂ ಕಾಯುತ್ತಿದ್ದ. ನಾನು "ನಿನ್ನಿಷ್ಟ ಅಕ್ಕ" ಎಂದೆ. ಎಷ್ಟು ನಾಜೂಕಾದ ಮಾತು! ಅವಳು ಕೊಡಲಿಲ್ಲ. ಮುಂದಿನ ವರ್ಷ ಹದಿನಾಲ್ಕಕ್ಕೆ ಬಂದರು, ಮತ್ತೆ ಫೋನು, ಮತ್ತೆ ನಿನ್ನಿಷ್ಟ. ಅಷ್ಟರಲ್ಲಿ ಮುದುಕನ ಮನೆ ಬೇರೆಯವರ ಪಾಲಾಯಿತು. ಕೊಂಡವನು ಕುಳಿ ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸಿದ. ಕೊರೊನಾ ಬಂತು, ಸೊಸೈಟಿಯವರು ನೂಲು ಕೊಡುವುದನ್ನು ನಿಲ್ಲಿಸಿದರು, ಒಂದು ಮಳೆಗೆ ಮಾಡಿನ ಒಂದು ಮೂಲೆ ಕುಸಿಯಿತು. ಆಮೇಲೆ ಅವಳು ನನ್ನನ್ನು ಕೇಳಲಿಲ್ಲ. ಹನ್ನೊಂದಕ್ಕೆ ಅದೇ ಚೆನ್ನಿಯಪ್ಪನ್ ಅವರಿಗೇ ಕೊಟ್ಟು, ಮಗ್ಗವನ್ನು ಸೌದೆಯ ಬೆಲೆಗೆ ಯಾರಿಗೋ ಕೊಟ್ಟು, ಮಗಳ ಮನೆಗೆ ಹೋದಳು.

ಆರ್.ಎಸ್. ಪುರಂನ ಆ ಫ್ಲ್ಯಾಟು ಮೂರನೆಯ ಮಹಡಿಯಲ್ಲಿ. ಒಳ್ಳೆಯ ಮನೆ, ಒಳ್ಳೆಯ ಜನ. ಸರಸಕ್ಕನಿಗೆ ಅಡುಗೆಮನೆಯ ಪಕ್ಕದ ಕೋಣೆ. ಹಿಂದಿನ ದೀಪಾವಳಿಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಬಾಗಿಲು ತೆರೆದದ್ದು ರುಕ್ಮಿಣಿ. ಸರಸಕ್ಕ ಸೋಫಾದ ತುದಿಯಲ್ಲಿ, ನೆಂಟರ ಮನೆಗೆ ಬಂದವಳ ಹಾಗೆ ಕೂತಿದ್ದಳು. ಅಳಿಯ ಬ್ಯಾಂಕಿನವನು, ತಮಾಷೆಯ ಮನುಷ್ಯ. ಕಾರು ಮಾರುವ ಮಾತು ಬಂದಾಗ ಎಲ್ಲರ ಮುಂದೆ ನಗುತ್ತಾ, "ಬೆಲೆ ವಿಷಯ ಅತ್ತೇನ ಮಾತ್ರ ಕೇಳ್ಬೇಡಿ ಅಪ್ಪ! ಹದಿನೆಂಟು ಬೇಡ ಅಂದು ಹನ್ನೊಂದಕ್ಕೆ ಕೊಟ್ಟವರು" ಎಂದ.

ಎಲ್ಲರೂ ನಕ್ಕರು. ಸರಸಕ್ಕನೂ ನಕ್ಕಳು. "ಆಮಾ ಮಾಪಿಳ್ಳೆ. ನನಗೆ ಪೇರಾಸೆ. ಪೇರಾಸೆ ಪಟ್ಟು ಕಳ್ಕೊಂಡೆ" ಎಂದಳು. ಮಾಪಿಳ್ಳೆ ಎಂದರೆ ಅಳಿಯ, ಪೇರಾಸೆ ಎಂದರೆ ಅತಿಯಾಸೆ. ಅದನ್ನು ಅವಳು ಹೇಳಿದ ರೀತಿಯಲ್ಲೇ ಗೊತ್ತಾಯಿತು, ಇದು ಮೊದಲ ಸಲ ಅಲ್ಲ. ಈ ಮನೆಯಲ್ಲಿ ಹಬ್ಬಕ್ಕೆ ಬಂದವರಿಗೆಲ್ಲ ಈ ತಮಾಷೆ ಬಡಿಸುತ್ತಾರೆ, ಮೊಮ್ಮಕ್ಕಳಿಗೂ ಬಾಯಿಪಾಠವಾಗಿದೆ. ತನ್ನ ಜೀವಮಾನದಲ್ಲಿ ನೂಲಿನವನಿಂದ ಒಂದು ಲಡಿ ಹೆಚ್ಚಿಗೆ ಬಂದರೂ ವಾಪಸು ಕಳಿಸಿದವಳು, ತಾನು ಆಸೆಬುರುಕಿ ಎಂದು ನಂಬಿಕೊಂಡು ಅಲ್ಲಿ ಕೂತಿದ್ದಳು. ನಾನು ಹೋಳಿಗೆ ತಿನ್ನುತ್ತಾ ಇದ್ದೆ. ತಿಂದು ಮುಗಿಸಿದೆ ಕೂಡ.

ಮನೆ ಹೋದದ್ದು ಒಂದು. ಇದು ಇನ್ನೊಂದು. ಮನೆಯನ್ನು ನಾನು ವಾಪಸು ತರಲಾರೆ — ಆ ಎರಡೂ ಪಾಲು ಈಗ ಒಂದೇ ಗೋಡೌನು, ನಡುಗೋಡೆಯನ್ನೂ ಕೆಡವಿದ್ದಾರೆ. ಆದರೆ ಆ ಮಾತನ್ನು ಅವಳ ಮೇಲಿಂದ ಇಳಿಸಬಹುದಿತ್ತು. ಅದಕ್ಕೂ ನನಗೆ ಆರು ತಿಂಗಳು ಬೇಕಾಯಿತು. ಎರಡು ಸಲ ಬಸ್ಸು ಹತ್ತಿ, ಉಕ್ಕಡಂನಲ್ಲಿ ಇಳಿದು, ವಾಪಸು ಬಂದೆ. ಒಂದು ಸಲ ತಲೆನೋವು ಎಂದು, ಇನ್ನೊಂದು ಸಲ ಬಿಸಿಲು ಎಂದು.

ಕೊನೆಗೆ ಹೋದ ತಿಂಗಳು ಒಂದು ಭಾನುವಾರ ಹೋದೆ. ಸರಸಕ್ಕ ತನ್ನ ಕೋಣೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ನಾನೂ ಎದುರು ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡೆ. ಹೇಳಿದೆ. ಪೋತ್ತನೂರಿನ ಮುಂಗಡದಿಂದ ಶುರು ಮಾಡಿದೆ. ಗಡುವು, ನಮ್ಮವರ ಮಂಡಿನೋವು, ಮಗಳ ಹೆರಿಗೆ, ಆ ವರ್ಷ ನಮಗಿದ್ದ ಕಷ್ಟ, ಎಲ್ಲ ಹೇಳಿ ಆಮೇಲೆ ಹದಿನೆಂಟಕ್ಕೆ ಬಂದೆ. ಅವಳ ಕೈ ಕಾಯಿ ಬಿಡಿಸುತ್ತಲೇ ಇತ್ತು.

"ಅವತ್ತು ನಾ ಕೊಟ್ಟಿದ್ರೆ," ಎಂದಳು, "ಆ ಮುದುಕನ ಮನೆ ನನಗೆ ಆಗ್ತಿತ್ತಾ?"

"ಆಗ್ತಿತ್ತು ಅಕ್ಕ."

"ಮೇಲೆ ಆರು ಉಳೀತಿತ್ತು."

"ಉಳೀತಿತ್ತು."

ಅವಳು ಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಕೂಗಿದಳು. "ರುಕ್ಮಿಣಿ, ಇಲ್ಲಿ ಬಾ." ರುಕ್ಮಿಣಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದಳು. "ಚಿಕ್ಕಮ್ಮ ಏನೋ ಹೇಳ್ತಾಳೆ. ಕೇಳು." ನನಗೆ ಹೇಳಿದಳು: "ಹೇಳು ಕಮಲಾ. ಮೊದಲಿಂದ ಹೇಳು."

ಮತ್ತೆ ಹೇಳಿದೆ. ರುಕ್ಮಿಣಿಯ ಮುಖ ನೋಡುತ್ತಾ ಮಂಡಿನೋವಿನ ಮಾತು ನನ್ನ ಬಾಯಿಗೆ ಬರಲಿಲ್ಲ. ನನ್ನ ಮಗಳ ಹೆರಿಗೆಯ ಮಾತೂ ಬರಲಿಲ್ಲ. ರುಕ್ಮಿಣಿ ಸೌಟನ್ನು ಎಲ್ಲಿಡುವುದೆಂದು ತೋಚದೆ ಬಾಗಿಲಿಗೆ ಒರಗಿ ನಿಂತಳು. ಅಷ್ಟರಲ್ಲಿ ಹೊರಗೆ ಹೋಗಿದ್ದ ಅಳಿಯ ಬಂದ. ಅವನು ಚಪ್ಪಲಿ ಬಿಡುತ್ತಿದ್ದ ಹಾಗೇ ಸರಸಕ್ಕ ಎದ್ದು ಹಾಲಿಗೆ ಬಂದಳು. ನನ್ನನ್ನೂ ಕೈಹಿಡಿದು ಕರೆತಂದಳು. ಅವಳ ಕೈ ಬೆಚ್ಚಗಿತ್ತು. ಆ ಕೈಯನ್ನು ನಾನು ಎಷ್ಟು ವರ್ಷದಿಂದ ಬಲ್ಲೆ.

"ಇನ್ನೊಂದು ಸಲ," ಎಂದಳು.

ಮೂರನೆಯ ಸಲಕ್ಕೆ ನನ್ನ ಬಾಯಲ್ಲಿ ಮುಂಗಡವೂ ಉಳಿದಿರಲಿಲ್ಲ, ಗಡುವೂ ಇರಲಿಲ್ಲ. "ಹದಿನೆಂಟು ಸರಿಯಾದ ಬೆಲೆ ಅಂತ ನನಗೆ ಗೊತ್ತಿತ್ತು. ಬೇಡ ಅನ್ನು ಅಂತ ಅಕ್ಕನಿಗೆ ಹೇಳಿ, ನಾನು ತೆಗೆದುಕೊಂಡೆ. ಇಪ್ಪತ್ತೈದು ಬಂತು ಅಂತ ಸುಳ್ಳು ಹೇಳಿದೆ" ಎಂದೆ. ಅಷ್ಟೇ ಇದ್ದದ್ದು. ಮೊದಲಿಂದಲೂ ಅಷ್ಟೇ ಇದ್ದದ್ದು.

ಅಳಿಯ ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ.

"ಕೇಳಿದ್ರಲ್ಲ ಮಾಪಿಳ್ಳೆ," ಎಂದಳು ಸರಸಕ್ಕ. "ನನಗೆ ಪೇರಾಸೆ ಇರಲಿಲ್ಲ. ಮಕ್ಕಳಿಗೂ ಹೇಳಿಬಿಡಿ."

ನನ್ನ ಕೈಬಿಟ್ಟು ಅವಳು ಒಳಗೆ ಹೋದಳು. ಮನೆ ಹೊಕ್ಕವರನ್ನು ಉಣಿಸದೆ ಕಳಿಸಿದವಳಲ್ಲ ಅವಳು. ಅವತ್ತು ಊಟ ಮಾಡು ಎನ್ನಲಿಲ್ಲ, ನಾನೂ ಕಾಯಲಿಲ್ಲ. ಮೂರು ಮಹಡಿ ಇಳಿದು ಬಂದೆ.